ಹೊಳೆಯಾಚೆಯ ಓದುಗ

ಕನ್ನಡಕದವನ ಹತ್ತಿರ ಲೈಬ್ರರಿ ಕಾರ್ಡ್ ಇರಲಿಲ್ಲ.

ಅದರ ಅಗತ್ಯವೂ ಬಿದ್ದಿರಲಿಲ್ಲ. ಅವನ ಮನೆ, ಅವನು ದುಡಿಯುತ್ತಿದ್ದ ಭಾವನ ಕನ್ನಡಕದಂಗಡಿ, ಎರಡೂ ಹೊಳೆಯ ಆಚೆ ದಡದಲ್ಲಿದ್ದವು. ಲೈಬ್ರರಿ ಈಚೆ ದಡದಲ್ಲಿತ್ತು. ಶಾಲೆ ಬಿಟ್ಟ ಮೇಲೆ ಅವನು ಓದಿದ್ದೆಂದರೆ ಕಣ್ಣು ಪರೀಕ್ಷೆಯ ಬೋರ್ಡಿನ ಅಕ್ಷರಗಳು, ಅವೂ ಬಾಯಿಪಾಠವಾಗಿದ್ದವು. ಆ ಸೋಮವಾರ ಸಂಜೆ ಎರಡು ಬಸ್ ಬದಲಿಸಿ ಅಲ್ಲಿಗೆ ಬಂದದ್ದು ಲೈಬ್ರರಿಯನ್‌ಗೆ ಹೊಸ ಗಾಜು ಹಾಕಿದ ಕನ್ನಡಕ ತಲುಪಿಸಲು, ಅಷ್ಟೆ.

ಬಾಗಿಲ ಪಕ್ಕದಲ್ಲಿ ಒಂದು ಮೇಜು. ಮೇಜಿನ ಹಿಂದೆ ಒಬ್ಬಳು, ಅವಳ ಮುಂದೆ ಒಂದು ಟ್ಯಾಬ್. ಸರ್ವೇ ನಡೀತಿದೆ, ಐದು ನಿಮಿಷ ಇದೆಯಾ ಎಂದು ಕೇಳುತ್ತ ಅವಳು ತಲೆಯೆತ್ತಿದಳು. ಎತ್ತಿದ ತಲೆಯನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿದಳು. ಹೆಣ್ಣೊಬ್ಬಳು ಹಾಗೆ ಕತ್ತು ಓರೆ ಮಾಡಿ ನೋಡಿದರೆ ಬೇರೆ ಗಂಡಸರಿಗೆ ಏನೇನೋ ಅನ್ನಿಸುತ್ತದೆ. ಅವನಿಗೆ ಮೊದಲು ಅನ್ನಿಸಿದ್ದು ಇವಳ ಕನ್ನಡಕದ ಎಡಗಡ್ಡಿ ಬಾಗಿದೆ, ಗಾಜು ಓರೆಯಾಗಿದೆ, ಅದಕ್ಕೇ ಕತ್ತು ವಾಲಿಸುತ್ತಾಳೆ ಎಂದು. ಏನೇನೋ ಅನ್ನಿಸಿದ್ದು ಆಮೇಲೆ.

ಎಲ್ಲಿಂದ ಬರುತ್ತೀರಿ ಎಂದಳು. ಹೊಳೆಯಾಚೆಯಿಂದ ಎಂದ. ಅಷ್ಟಕ್ಕೇ ಅವಳ ಮುಖ ಅರಳಿತು. ನಾಲ್ಕು ದಿನದಿಂದ ಕೂತಿದ್ದಳಂತೆ, ಆಚೆ ದಡದವರು ಸಿಕ್ಕಿದ್ದು ಒಬ್ಬರೇ, ನಿವೃತ್ತ ಪೋಸ್ಟ್‌ಮ್ಯಾನ್. ಇವನು ಎರಡನೆಯವನು.

"ವಾರಕ್ಕೆ ಎಷ್ಟು ಸಲ ಬರ್ತೀರಿ?"

ನಾನು ಓದೋನಲ್ಲ, ಪಾರ್ಸೆಲ್ ಕೊಡೋಕೆ ಬಂದವನು. ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅರಳಿದ ಮುಖ ಕಣ್ಣೆದುರೇ ಬಾಡುತ್ತಿತ್ತು.

"ಮೂರು ಸಲ," ಎಂದುಬಿಟ್ಟ. "ಸೋಮವಾರ, ಬುಧವಾರ, ಶುಕ್ರವಾರ."

ಎಷ್ಟು ಕಾಲದಿಂದ ಎಂದು ಕೇಳಿದಳು. ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷದಿಂದ ಎಂದ. ಅವಳು ಬರೆದುಕೊಂಡಳು. ಇನ್ನು ಎಂಟು ವಾರ ಇದೇ ಜನರನ್ನು ಮತ್ತೆ ಮತ್ತೆ ಮಾತಾಡಿಸುತ್ತೇನೆ, ಬಂದ ದಿನ, ಬಂದ ಬಸ್ಸು, ಬಿಟ್ಟು ಬಂದ ಕೆಲಸ ಎಲ್ಲ ಕೇಳುತ್ತೇನೆ, ಬೇಜಾರಿಲ್ಲ ತಾನೆ ಎಂದಳು. ಅವನಿಗೆ ಬೇಜಾರಿರಲಿಲ್ಲ. ಪಾರ್ಸೆಲ್ಲನ್ನು ಕಂಕುಳಲ್ಲಿ ಅಡಗಿಸಿಕೊಂಡು ಒಳಗೆ ಹೋದ. ಎರಡು ವರ್ಷದ ಓದುಗನಿಗೆ ಲೈಬ್ರರಿಯನ್ ಎಲ್ಲಿ ಕೂರುತ್ತಾರೆ ಎಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಕೇಳುವ ಹಾಗೂ ಇರಲಿಲ್ಲ.

ದನಿಯೇ ದಾರಿ ತೋರಿಸಿತು. ಲೈಬ್ರರಿಯನ್ ಐವತ್ತು ದಾಟಿದ ಹೆಂಗಸು, ಇಡೀ ಕಟ್ಟಡದಲ್ಲಿ ಜೋರಾಗಿ ಮಾತಾಡುತ್ತಿದ್ದವರು ಅವರೊಬ್ಬರೇ. ಓದುವವರೇ ಅವರಿಗೆ 'ಶ್' ಎನ್ನಬೇಕಾಗುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಶ್ ಅಕ್ಕ. ಕನ್ನಡಕ ಹಾಕಿಕೊಂಡು ಅವರು ಮೊದಲು ನೋಡಿದ್ದು ಇವನ ಮುಖವನ್ನು, ಆಮೇಲೆ ಬಾಗಿಲ ಹತ್ತಿರದ ಮೇಜನ್ನು.

"ಚೆನ್ನಾಗಿ ಕಾಣಿಸ್ತಿದೆಯಪ್ಪ," ಎಂದರು. "ಎಲ್ಲ ಕಾಣಿಸ್ತಿದೆ."

ಬುಧವಾರ ಅವನು ಬಂದ. ಶುಕ್ರವಾರವೂ ಬಂದ.

ಬಂದ ಮೇಲೆ ಏನಾದರೂ ಹಿಡಿದುಕೊಂಡು ಕೂರಬೇಕಲ್ಲ. ಕಾರ್ಡ್ ಇಲ್ಲದವರಿಗೆ ಪುಸ್ತಕ ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಓದಬಹುದಿತ್ತು. ಕಪಾಟಿನಿಂದ ಅವನು ಆರಿಸಿದ್ದು ಅತ್ಯಂತ ದಪ್ಪದ್ದನ್ನು, ಮುಖಕ್ಕೆ ಮರೆಯಾಗಲಿ ಎಂದು. ಹಳೆಯ ಕಾಲದಲ್ಲಿ ದೊಡ್ಡ ಹೊಳೆಗಳಿಗೆ ಸೇತುವೆ ಕಟ್ಟಿದವರ ಕಥೆ ಅದು. ಮೊದಲ ವಾರ ಅದರ ಅಂಚಿನಾಚೆ ಅವನು ಓದಿದ್ದು ಅವಳನ್ನು. ಯೋಚಿಸುವಾಗ ಪೆನ್ನನ್ನು ಕೂದಲಿಗೆ ಸಿಕ್ಕಿಸುತ್ತಾಳೆ. ಮರೆತು ಇನ್ನೊಂದು ಪೆನ್ನು ತೆಗೆಯುತ್ತಾಳೆ. ಸಂಜೆ ಏಳರ ಹೊತ್ತಿಗೆ ತಲೆಯಲ್ಲಿ ಮೂರು ಪೆನ್ನು ಇರುತ್ತವೆ. ಒಮ್ಮೆ ಅವಳು ಫಕ್ಕನೆ ತಲೆಯೆತ್ತಿದಾಗ ಅವನು ಪುಸ್ತಕದೊಳಗೆ ಮುಳುಗಿದ.

"ತಲೆಕೆಳಗಾಗಿ ಹಿಡಿದಿಲ್ಲ ತಾನೆ?" ಎಂದು ಅವಳು ಅಲ್ಲಿಂದಲೇ ಕೇಳಿದಳು.

ಅವನು ನಿಜಕ್ಕೂ ನೋಡಿಕೊಂಡ. ನೇರವಾಗಿಯೇ ಇತ್ತು. ಅವಳು ನಕ್ಕಿದ್ದು ಅವನು ನೋಡಿಕೊಂಡದ್ದಕ್ಕೆ.

ಎರಡನೇ ವಾರ ಅವನು ಈ ಸರ್ವೇ ಯಾತಕ್ಕೆ ಎಂದು ವಿಚಾರಿಸಿದ. ನಗರದ ಕೌನ್ಸಿಲ್‌ಗೆ ದುಡ್ಡಿನ ಮುಗ್ಗಟ್ಟು, ಲೈಬ್ರರಿಯ ಸಂಜೆ ಪಾಳಿ ನಿಲ್ಲಿಸಬೇಕೆಂದು ಕೆಲವರ ವಾದ. ಖರ್ಚು ಮಾಡಿದ ಒಂದಕ್ಕೆ ಊರಿಗೆ ಎರಡರ ಲಾಭ ಇದೆಯೆಂದು ತೋರಿಸಿದರೆ ಪಾಳಿ ಉಳಿಯುತ್ತದೆ. ಆದರೆ ಇಲ್ಲಿ ಯಾರೂ ಏನನ್ನೂ ಕೊಳ್ಳುವುದಿಲ್ಲ, ಯಾವುದಕ್ಕೂ ಬೆಲೆಯ ಚೀಟಿ ಇಲ್ಲ, ಬೆಲೆ ಕಟ್ಟುವುದು ಹೇಗೆ? ಜನ ಎಷ್ಟು ದೂರದಿಂದ ಬರುತ್ತಾರೆ, ಬಸ್ಸಿಗೆಷ್ಟು ಕೊಡುತ್ತಾರೆ, ಯಾವ ದುಡಿಮೆ ಬಿಟ್ಟು ಬರುತ್ತಾರೆ, ಅದನ್ನೆಲ್ಲ ಕೂಡಿಸುವುದು. ಅಷ್ಟು ಕಷ್ಟಪಟ್ಟು ಬಂದಿದ್ದಾರೆಂದರೆ ಅವರಿಗೆ ಈ ಜಾಗ ಕಡಿಮೆಯೆಂದರೂ ಅಷ್ಟು ಬಾಳುತ್ತದೆ. ಇಷ್ಟನ್ನು ಅವಳು ಹೇಳಿದ ರೀತಿಯಲ್ಲಿ ಅವಳಿಗೆ ಆ ಕೆಲಸದ ಮೇಲಿದ್ದ ಪ್ರೀತಿ ಕಾಣುತ್ತಿತ್ತು.

"ನಿಮಗೆ ಲೈಬ್ರರಿ ಇಷ್ಟಾನಾ ಅಂತ ಕೇಳಿದ್ರೆ ಎಲ್ಲರೂ ಹೌದು ಅಂತಾರೆ. ಜನ ಬಾಯಲ್ಲಿ ಸುಳ್ಳು ಹೇಳ್ತಾರೆ. ಕಾಲು ಸುಳ್ಳು ಹೇಳಲ್ಲ."

ಅವನು ಮೇಜಿನ ಕೆಳಗೆ ತನ್ನ ಕಾಲುಗಳನ್ನು ಹಿಂದಕ್ಕೆಳೆದುಕೊಂಡ.

"ಅದೂ ಅಲ್ದೆ, ನೀವೊಬ್ಬರೇ ಅಂದ್ಕೋಬೇಡಿ. ಎಲ್ಲರನ್ನೂ ಕೇಳೋಕಾಗಲ್ಲ, ಆರಿಸಿದವರನ್ನ ಕೇಳ್ತೀವಿ. ಒಬ್ಬೊಬ್ಬರೂ ತಮ್ಮ ಕಡೆಯ ಅಷ್ಟು ಜನಕ್ಕೆ ಸಮ. ಆಚೆ ದಡದಿಂದ ನೀವು, ಪೋಸ್ಟ್‌ಮ್ಯಾನ್ ತಾತ, ಇಬ್ಬರೇ. ನನ್ನ ಲೆಕ್ಕದಲ್ಲಿ ನೀವು ನೂರು ಜನ."

ಯಾರೂ ಅವನನ್ನು ಒಬ್ಬ ಎಂದು ಕೂಡ ಸರಿಯಾಗಿ ಎಣಿಸಿದ್ದಿಲ್ಲ. ಅಂಗಡಿಯಲ್ಲಿ ಅವನು ಭಾವನ ಬಾಮೈದ, ಮನೆಯಲ್ಲಿ ಅಕ್ಕನ ತಮ್ಮ. ಆ ರಾತ್ರಿ ಬಸ್ಸಿನಲ್ಲಿ ನೂರು ಜನರಷ್ಟು ಜಾಗ ಹಿಡಿದು ಕೂತಂತೆ ಅವನಿಗೆ ಅನ್ನಿಸಿತು.

ವಾರಕ್ಕೆ ಮೂರು ಸಂಜೆ ಅಂಗಡಿ ಬಿಟ್ಟು ಹೋಗುವುದು ಸಣ್ಣ ಮಾತಲ್ಲ. ಜನ ಕನ್ನಡಕಕ್ಕೆ ಬರುವುದೇ ಕೆಲಸ ಮುಗಿಸಿ ಸಂಜೆಗೆ. ಭಾವ ಗಾಜು ಉಜ್ಜುವ ಮೆಷಿನ್ನಿನ ಸದ್ದು ಜಾಸ್ತಿ ಮಾಡಿದ. ಅಕ್ಕ ಬಾಯಿಬಿಟ್ಟೇ ಕೇಳಿದಳು.

"ಓದೋ ವಯಸ್ಸಲ್ಲಿ ಪುಸ್ತಕ ಕಂಡ್ರೆ ಓಡ್ತಿದ್ದೆ. ಈಗ ಓದಿ ಏನು ಕಡಿದು ಕಟ್ಟೆ ಹಾಕಬೇಕಾಗಿದೆ?"

"ಸೇತುವೆ ಬಗ್ಗೆ ಓದ್ತಿದೀನಿ ಅಕ್ಕ."

"ಯಾರ ಮನೆವರೆಗೆ ಕಟ್ತಾರಂತೆ ಆ ಸೇತುವೆ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಕ್ಕಂದಿರಿಗೆ ಉತ್ತರ ಬೇಕಾಗಿರುವುದೂ ಇಲ್ಲ.

ಮೂರನೇ ವಾರ ಅವನ ಕೈ ತಡೆಯಲಿಲ್ಲ. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟು, ಕನ್ನಡಕ ಕೊಡಿ ಎಂದ. ಅವಳು ಬಿಚ್ಚಿದಳು. ಬಿಚ್ಚಿದ ಕೂಡಲೇ ಅವಳ ಕಣ್ಣು ಎಲ್ಲಿ ನೆಲೆ ನಿಲ್ಲಬೇಕೆಂದು ತಿಳಿಯದೆ ಅಲೆದಾಡಿತು. ಗಾಜಿಲ್ಲದ ಮುಖಗಳನ್ನು ಅವನು ದಿನಾ ನೋಡುತ್ತಾನೆ, ಎಲ್ಲರೂ ಹೀಗೇ, ಒಂದು ಗಳಿಗೆ ನಿದ್ದೆಯಿಂದ ಎದ್ದ ಮಕ್ಕಳಂತೆ ಆಗುತ್ತಾರೆ. ಅದರಲ್ಲೇನೂ ವಿಶೇಷವಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಕಡ್ಡಿಯನ್ನು ಅಂಗೈಗಳ ನಡುವೆ ಉಜ್ಜಿ ಬಿಸಿ ಮಾಡಿ, ಮೆಲ್ಲಗೆ ಬಾಗಿಸಿ, ಸ್ಕ್ರೂ ಬಿಗಿ ಮಾಡಿ, ಅವಳ ಕಿವಿಯ ಮೇಲೆ ಕೂರಿಸಿದ. ಕಿವಿಯ ಹಿಂದೆ ಒಂದು ಕೆಂಪು ಗೀರು ಬಿದ್ದಿತ್ತು.

"ನೋಯ್ತಿರಲಿಲ್ವಾ?"

"ನೋಯ್ತಿತ್ತು. ಅಭ್ಯಾಸ ಆಗಿತ್ತು."

ಸರಿಯಾದ ಗಾಜಿನೊಳಗಿಂದ ಅವಳು ಅವನನ್ನು ಮೊದಲ ಸಲ ನೇರ ನೋಡಿದಳು, ಕತ್ತು ಓರೆ ಮಾಡದೆ. ನೋಡಿದ್ದು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಾಯಿತು. ಇಬ್ಬರಿಗೂ ಅದು ಗೊತ್ತಾಯಿತು. ಆಮೇಲೆ ಅವಳು ಇವತ್ತು ಯಾವ ಬಸ್ಸಲ್ಲಿ ಬಂದಿರಿ ಎಂದು ಕೇಳಿದಳು.

ಅವನ ತಲೆ ಕೆಟ್ಟದ್ದು ಅಲ್ಲಿಂದ. ಅವಳು ವಾರವಾರ ಕೇಳುವುದು ಕೆಲಸಕ್ಕೋ, ಮಾತಿಗೋ? ಪೋಸ್ಟ್‌ಮ್ಯಾನ್ ತಾತನನ್ನೂ ಅಷ್ಟೇ ನಗುತ್ತ ಕೇಳುತ್ತಾಳೆ. ತಾತನಿಗೆ ಐದು ನಿಮಿಷ, ತನಗೆ ಅರ್ಧ ಗಂಟೆ. ಆದರೆ ತಾತನಿಗೆ ಕಿವಿ ಮಂದ, ಬೇಗ ಮುಗಿಸುತ್ತಾಳೇನೋ. ಇದು ಸಾಲದೆಂಬಂತೆ ಇನ್ನೊಂದು ತೊಡಕು. ಆ ದಪ್ಪ ಪುಸ್ತಕ ಅವನನ್ನು ಹಿಡಿದುಕೊಂಡಿತ್ತು. ಕಂಬ ಇಳಿಸಲು ಹೊಳೆಯ ತಳಕ್ಕೆ ಹೋದವರು, ಎರಡು ಕಡೆಯಿಂದ ಕಟ್ಟುತ್ತ ಬಂದು ನಡುವೆ ಕೂಡದೆ ಹೋದ ಕಮಾನುಗಳು. ಅವಳು ಎದ್ದು ಪಕ್ಕದಲ್ಲಿ ಹಾದು ಹೋದರೂ ಒಮ್ಮೆ ಅವನಿಗೆ ತಿಳಿಯಲಿಲ್ಲ. ಅವಳೇ ಕೆಮ್ಮಬೇಕಾಯಿತು.

ಏಳನೇ ವಾರ ಸೋಮವಾರ ಮೇಜು ಖಾಲಿಯಿತ್ತು. ಬುಧವಾರವೂ ಖಾಲಿ. ಅವಳಿಗೆ ಜ್ವರ, ಈ ವಾರ ಪೂರ್ತಿ ಬರುವುದಿಲ್ಲ, ಮನೆಗೆ ಹೋಗು ಎಂದರು ಶ್ ಅಕ್ಕ. ಅವನು ಹೋದ. ಶುಕ್ರವಾರ ಮತ್ತೆ ಬಂದ. ಅವಳಿಲ್ಲವೆಂದು ಗೊತ್ತಿದ್ದೂ ಎರಡು ಬಸ್ ಹಿಡಿದು ಬಂದು, ಸೇತುವೆಯ ಪುಸ್ತಕ ತೆಗೆದು, ಬಾಗಿಲು ಹಾಕುವವರೆಗೆ ಕೂತ. ಹೊರಡುವಾಗ ಶ್ ಅಕ್ಕ ಕರೆದರು. ಮೊದಲ ಸಲ ಅವರ ದನಿ ತಗ್ಗಿತ್ತು.

ನಿನ್ನ ಎರಡು ವರ್ಷದ ಓದು ಎಷ್ಟೆಂದು ನನಗೆ ಮೊದಲ ದಿನವೇ ಗೊತ್ತು ಎಂದರು. ಹೇಳಲಿಲ್ಲ, ಯಾಕೆಂದರೆ ಸಂಜೆ ಇಲ್ಲಿ ಬರುವವರು ನನಗೆ ಗೊತ್ತು. ಹಗಲು ಪೂರ್ತಿ ಆಸ್ಪತ್ರೆಯಲ್ಲಿ ನಿಂತು ಸಂಜೆ ಬಂದು ಪರೀಕ್ಷೆಗೆ ಓದುವ ನರ್ಸ್ ಇದ್ದಾಳೆ. ಒಂದೇ ಕೋಣೆಯ ಮನೆಯಿಂದ ಮೂವರು ಮಕ್ಕಳನ್ನು ಹೋಮ್‌ವರ್ಕಿಗೆಂದು ಕರೆದುಕೊಂಡು ಬರುವ ಬೇಕರಿಯವನಿದ್ದಾನೆ. ಲೆಕ್ಕ ಈಗ ಒಂದಕ್ಕೆ ಎರಡರ ಅಂಚಿನಲ್ಲಿದೆ. ನಿನ್ನ ನೂರು ಜನ ಹೋದರೆ ಪಾಳಿ ಹೋಯಿತು.

"ಅವಳಿಗೆ ಏನೂ ಹೇಳಬೇಡ. ಹತ್ತು ದಿನ ಬಾಯಿ ಮುಚ್ಕೊಂಡಿರು. ವರದಿ ಹೋಗ್ಲಿ, ಆಮೇಲೆ ಮೈಕ್ ಹಿಡಿದು ಹೇಳು. ಪ್ರೀತಿ ಕಾಯುತ್ತಪ್ಪ, ಕೌನ್ಸಿಲ್ ಕಾಯಲ್ಲ."

ಆಗಲಿ ಎಂದ. ಹತ್ತು ದಿನ ಏನು ಮಹಾ.

ಎಂಟನೇ ವಾರದ ಬುಧವಾರ ಕೊನೆಯ ಸಂದರ್ಶನಗಳಿದ್ದವು. ಅವಳು ಜ್ವರದಿಂದ ಸ್ವಲ್ಪ ಸೊರಗಿದ್ದಳು. ಅವನ ಸರದಿಗೆ ಮುಂಚೆ ಪೋಸ್ಟ್‌ಮ್ಯಾನ್ ತಾತ ಕೂತಿದ್ದ, ಕಿವಿ ಮಂದವಾದ್ದರಿಂದ ಅವಳು ಕೇಳಿದ್ದೆಲ್ಲ ಕೋಣೆಗೇ ಕೇಳಿಸಿತು. ಕೊನೆಯ ಪ್ರಶ್ನೆ ಹೀಗಿತ್ತು: ಇಲ್ಲಿಗೆ ಬರೋಕೆ ಪುಸ್ತಕ ಬಿಟ್ಟು ಬೇರೆ ಕಾರಣ ಏನಾದ್ರೂ ಇತ್ತಾ? ತಾತ ಕೂಗಿ ಹೇಳಿದ: ಫ್ಯಾನು. ಮನೇಲಿ ಫ್ಯಾನಿಲ್ಲ.

ಅವನ ಸರದಿ ಬಂತು. ಬಸ್ಸು, ಸಮಯ, ಅಂಗಡಿಯಲ್ಲಿ ತಪ್ಪಿದ ಗಿರಾಕಿ, ಎಲ್ಲ ಕೇಳಿದಳು. ಆಮೇಲೆ ಟ್ಯಾಬ್ ಮಗುಚಿಟ್ಟು ಮುಗೀತು ಎಂದಳು.

ಎದ್ದು ಹೋಗಬೇಕಿತ್ತು. ಶ್ ಅಕ್ಕ ಕಪಾಟಿನ ಹತ್ತಿರ ನಿಂತು ಒಂದೇ ಪುಸ್ತಕವನ್ನು ಬಹಳ ಹೊತ್ತಿನಿಂದ ಒರೆಸುತ್ತಿದ್ದರು. ಅವನು ಏಳಲಿಲ್ಲ.

"ತಾತನಿಗೆ ಇನ್ನೊಂದು ಪ್ರಶ್ನೆ ಕೇಳಿದ್ರಿ," ಎಂದ. "ನನಗೆ ಯಾಕೆ ಕೇಳಲಿಲ್ಲ?"

ಅವಳು ತಲೆಯಿಂದ ಒಂದು ಪೆನ್ನು ತೆಗೆದು ಮೇಜಿನ ಮೇಲಿಟ್ಟಳು. ಇನ್ನೊಂದನ್ನೂ ತೆಗೆದಿಟ್ಟಳು.

"ಕೇಳಿದ್ರೆ ಬರ್ಕೋಬೇಕಾಗುತ್ತೆ."

ಅಂದರೆ ಅವಳಿಗೆ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ. ಕೇಳದೆ ಬಿಟ್ಟದ್ದು ಲೈಬ್ರರಿ ಉಳಿಸಲೋ, ಉತ್ತರ ಬೇಡವಾಗಿತ್ತೋ? ವರದಿ ಹೋಗುವವರೆಗೆ ಕಾಯಬಹುದಿತ್ತು, ಆದರೆ ಈ ಅನುಮಾನವನ್ನು ಹೊತ್ತುಕೊಂಡು ಅವನಿಂದ ಬಸ್ ಹತ್ತಲು ಆಗುತ್ತಿರಲಿಲ್ಲ.

"ಕೇಳಿ," ಎಂದ.

"ಯೋಚನೆ ಮಾಡಿ ಹೇಳ್ತಿದೀರಾ?"

"ಇಲ್ಲ. ಯೋಚನೆ ಮಾಡಿದ್ರೆ ಹೇಳ್ತಿರಲಿಲ್ಲ."

ಅವಳು ಟ್ಯಾಬ್ ನೇರ ಮಾಡಿದಳು. ಪ್ರಶ್ನೆಯನ್ನು ಓದಿದಳು, ತಾತನಿಗೆ ಓದಿದ ಹಾಗೇ, ದನಿ ಮಾತ್ರ ಮೆಲ್ಲಗೆ. ಬೇರೆ ಕಾರಣ ಇತ್ತು ಎಂದ. ಬೇರೆ ಕಾರಣವಿದ್ದರೆ ಬಂದ ದಾರಿಯನ್ನು ಪಾಲು ಮಾಡಬೇಕು, ಹತ್ತರಲ್ಲಿ ಪುಸ್ತಕಕ್ಕೆಷ್ಟು, ಆ ಕಾರಣಕ್ಕೆಷ್ಟು ಎಂದು ಅವಳು ವಿವರಿಸಿದಳು. ಅವಳ ಕಿವಿ ಕೆಂಪಾಗುತ್ತಿತ್ತು.

"ಮೊದಲ ವಾರ?"

"ಪುಸ್ತಕಕ್ಕೆ ಸೊನ್ನೆ."

"ಮೂರನೇ ವಾರ?"

"ಒಂದು. ಒಂದೂವರೆ."

"ಐದನೇದು?"

"ಅರ್ಧರ್ಧ. ಗೊತ್ತಾಗ್ಲಿಲ್ಲ. ನೀವು ಕೆಮ್ಮಿದ ದಿನ ಪುಸ್ತಕಕ್ಕೇ ಜಾಸ್ತಿ ಇತ್ತೇನೋ."

"ನಾನು ಕೆಮ್ಮಲಿಲ್ಲ."

"ಕೆಮ್ಮಿದ್ರಿ."

ಅವಳು ವಾದಿಸಲಿಲ್ಲ. ನಾನಿಲ್ಲದ ವಾರ ಎಂದು ಕೇಳಿದಳು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸೋಮವಾರ ಗೊತ್ತಿರಲಿಲ್ಲ, ಬುಧವಾರ ಇಲ್ಲಿ ಬಂದ ಮೇಲೆ ತಿಳಿಯಿತು, ಶುಕ್ರವಾರ ಗೊತ್ತಿದ್ದೇ ಬಂದೆ.

"ನಾನಿಲ್ಲ ಅಂತ ಗೊತ್ತಿದ್ದೂ ಬಂದ್ರಾ?"

"ಬಂದೆ."

"ಯಾಕೆ?"

"ಆ ಕಮಾನು ಕೂಡ್ತೋ ಬಿತ್ತೋ ನೋಡಬೇಕಿತ್ತು."

ಅವಳ ಮುಖದ ಮೇಲೆ ಎರಡು ಭಾವ ಒಟ್ಟೊಟ್ಟಿಗೆ ಬಂದವು. ಸರ್ವೇಯವಳಿಗೆ ಪೂರ್ತಿ ಹತ್ತಕ್ಕೆ ಹತ್ತು ಪುಸ್ತಕದ ಒಂದು ಸಂಜೆ ಸಿಕ್ಕಿತ್ತು. ಇನ್ನೊಬ್ಬಳಿಗೆ, ಅದೇ ಕುರ್ಚಿಯಲ್ಲಿ ಕೂತಿದ್ದವಳಿಗೆ, ತನ್ನ ಪಾಲು ಸೊನ್ನೆ ಎಂದು ಕೇಳಿಸಿತ್ತು.

"ಹಾಗಾದ್ರೆ ನಾನಿಲ್ದಿದ್ರೂ ನಡಿಯುತ್ತೆ," ಎಂದಳು.

"ನಡಿಯುತ್ತೆ ಅಂತ ಬಂದ ಮೇಲೆ ಗೊತ್ತಾಯ್ತು. ಚೆನ್ನಾಗಿ ನಡಿಯಲ್ಲ ಅಂತ್ಲೂ ಗೊತ್ತಾಯ್ತು. ಪುಟ ಮಗುಚಿದಾಗೆಲ್ಲ ಬಾಗಿಲ ಕಡೆ ನೋಡ್ತಿದ್ದೆ. ಅದನ್ನ ಎಷ್ಟು ಪಾಲು ಅಂತ ಹಾಕ್ತೀರೋ ಹಾಕಿ."

ಅವಳು ಏನನ್ನೂ ಹಾಕಲಿಲ್ಲ. ಆಮೇಲೆ, ಅವನ ಕಡೆ ನೋಡದೆ, ಮೊದಲ ದಿನ ಹೇಳಿದ ಎರಡು ವರ್ಷ ನಿಜವೇ ಎಂದು ಕೇಳಿದಳು. ಅದೇ ಮೊದಲ ಸಲ ಬಂದದ್ದು ಎಂದ. ಎಲ್ಲಕ್ಕೂ ಬುಡವಾದ ಮೊದಲ ದಿನದ ಉತ್ತರ ಸುಳ್ಳಾದರೆ ಆ ಮನುಷ್ಯನನ್ನೇ ಪೂರ್ತಿ ತೆಗೆಯಬೇಕು, ಹಾಗೆ ನಿಯಮ ಎಂದಳು. ಶುಕ್ರವಾರವನ್ನೂ ತೆಗೀತೀರಾ ಎಂದ. ಶುಕ್ರವಾರವನ್ನೂ.

ತೆಗೆಯಬೇಡಿ ಎಂದು ಅವನು ಹೇಳಲಿಲ್ಲ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಬೆರಳು ಪರದೆಯ ಮೇಲಿಟ್ಟು ಕಾದಳು, ಅವನು ಹೇಳಲಿ ಎಂದೋ, ಹೇಳದಿರಲಿ ಎಂದೋ. ಕೊನೆಗೆ ಬೆರಳು ಒತ್ತಿದಳು. ನೂರು ಜನ ಹೊಳೆಯಾಚೆ ಉಳಿದರು. ಕಪಾಟಿನ ಹತ್ತಿರ ಪುಸ್ತಕ ಒರೆಸುವ ಬಟ್ಟೆ ನಿಂತಿತು.

"ಈ ಮೇಜನ್ನ ಎರಡನೇ ವಾರಕ್ಕೇ ಒಳಗೆ ಹಾಕ್ಕೊಳ್ಳಿ ಅಂದಿದ್ರು ಅಕ್ಕ," ಎಂದಳು ಅವಳು, ಕನ್ನಡಕ ತೆಗೆದು ಒರೆಸುತ್ತ. "ಬಾಗಿಲಲ್ಲಿ ಧೂಳು ಬರುತ್ತೆ ಅಂತ. ನಾನು ಹಾಕ್ಕೊಳ್ಳಲಿಲ್ಲ. ಇಲ್ಲಿಂದ ಬಸ್ ಸ್ಟಾಪ್ ಕಾಣಿಸುತ್ತೆ."

ಅವನು ಬಾಗಿಲಾಚೆ ನೋಡಿದ. ಕಾಣಿಸುತ್ತಿತ್ತು. ಇಳಿಯುವವರ ಮುಖ ಕೂಡ.

ವರದಿ ಹೋಯಿತು. ಒಂದಕ್ಕೆ ಎರಡು ಬರಲಿಲ್ಲ, ಒಂದೂಮುಕ್ಕಾಲು ಬಂತು. ಕೌನ್ಸಿಲ್ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನ ಮಾಡಿತು. ಅವಳ ಕೆಲಸ ಮುಗಿದಿತ್ತು. ಮುಂದಿನ ಸರ್ವೇ ಇನ್ನೊಂದು ಊರಲ್ಲಿ, ಅಲ್ಲಿನ ಪಾರ್ಕುಗಳಿಗೆ ಬೆಲೆ ಕಟ್ಟುವುದು. ಅವಳು ಹೊರಡುವ ದಿನ ಅವನು ಬ್ಯಾಗ್ ಹಿಡಿದುಕೊಂಡು ಜೊತೆಗೆ ನಡೆದ. ತಿಂಗಳಿಗೆ ಎರಡು ಸಲ ನಾನು ಬರುತ್ತೇನೆ, ಒಂದು ಸಲ ನೀನು ಬಾ ಎಂದು ಮಾತಾಯಿತು. ಬಹುವಚನ ಯಾವಾಗ ಬಿದ್ದುಹೋಯಿತೆಂದು ಇಬ್ಬರೂ ಗಮನಿಸಿರಲಿಲ್ಲ.

ದಾರಿ ಲೈಬ್ರರಿಯ ಮುಂದೆಯೇ ಹಾದು ಹೋಗುತ್ತಿತ್ತು. ಐದೂವರೆ ಗಂಟೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಬಿಳಿ ಸಮವಸ್ತ್ರದ ನರ್ಸ್ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಇದ್ದ ಬೆಳಕಲ್ಲೇ ಓದುತ್ತಿದ್ದಳು. ಶ್ ಅಕ್ಕ ಬೀಗದ ಕೈ ಚೀಲಕ್ಕೆ ಹಾಕಿಕೊಂಡು ಇಳಿಯುತ್ತಿದ್ದರು. ಇವರಿಬ್ಬರನ್ನೂ, ಇವರು ಕೈ ಹಿಡಿದಿದ್ದ ರೀತಿಯನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹತ್ತು ದಿನ ಕಾಯೋಕಾಗ್ಲಿಲ್ವಲ್ಲ ನಿಮಗೆ," ಎಂದರು, ಮೆಲ್ಲಗೆ.

ಅವರು ತಿರುವು ದಾಟುವವರೆಗೆ ಇಬ್ಬರೂ ನಿಂತೇ ಇದ್ದರು.

"ನಾವು ಮಾಡಿದ್ದು ಸರಿ ತಾನೆ?" ಎಂದು ಅವಳು ಕೇಳಿದಳು.

"ನಿಜ ಹೇಳಿದ್ವಿ."

"ನಾನು ಅದನ್ನ ಕೇಳಲಿಲ್ಲ."

 ಅವನಿಗೆ ಅವಳ ಕೈ ಬಿಡಬೇಕೆಂದು ಅನ್ನಿಸಲಿಲ್ಲ. ಅವಳೂ ಬಿಡಲಿಲ್ಲ. ನರ್ಸ್ ತಲೆಯೆತ್ತಿ ಇವರನ್ನು ನೋಡಿ, ಪ್ರೇಮಿಗಳನ್ನು ನೋಡಿದವರು ನಗುವ ಹಾಗೆ ನಕ್ಕು, ಮತ್ತೆ ಪುಸ್ತಕಕ್ಕೆ ಬಾಗಿದಳು. ಇವಳು ಹತ್ತಬೇಕಾದ ಬಸ್ಸು ಬಂತು.

ಹೋದದ್ದು ಇಷ್ಟು: ಸಂಜೆ ಐದರಿಂದ ಎಂಟರವರೆಗಿನ ಮೂರು ಗಂಟೆ, ವಾರಕ್ಕೆ ಆರು ದಿನ. ಸಂಜೆ ಪಾಳಿಯ ಇಬ್ಬರ ಕೆಲಸ. ಬೇರೆ ಹೊತ್ತಿನಲ್ಲಿ ಬರಲಾಗದ ಮೂವತ್ತೊಂದು ಜನರ ಕುರ್ಚಿ.